ಕಾರು ಓಡುವುದನ್ನು ನೋಡುವುದು ಹೇಗೆ?

(ಸುವರ್ಣ ಮಹೋತ್ಸವದ ಎರಡನೇ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಕರೆದಾಗ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು’ ಎಂಬ ವಿಷಯ ಕೊಟ್ಟಿದ್ದರು. ಅದರ ಬಗ್ಗೆ ನಿನ್ನೆ ಇಬ್ಬರು ಮಾತಾಡಿಯಾಗಿದೆ. ಇಂಗ್ಲಿಷ್ ಕಲಿಯಿರಿ, ಗಣಿತಕ್ಕೆ ಹೆದರಬೇಡಿ ಎಂದು ಅವರು ಹೇಳಿದ್ದನ್ನೇ ನಾನೂ ಹೇಳಬೇಕಾಗಿತ್ತು. ಹಾಗಾಗಿ ವಿಷಯ ಬದಲಿಸಿಕೊಳ್ಳಲು ಅನುಮತಿ ಕೇಳಿದೆ. ವಾರವಿಡೀ ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೇನೆ ನಿಜ. ಆದರೆ ವರ್ಷಕ್ಕೆ ಎರಡು ಮೂರು ಸಲ ರಜೆ ಹಾಕಿ, ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು, ಯಾವುದೋ ಕಾಡು ರಸ್ತೆಯ ತಿರುವಿನಲ್ಲಿ ಸೀಟಿ ಹಿಡಿದು ನಿಲ್ಲುತ್ತೇನೆ. ಕಾರ್ ರ‍್ಯಾಲಿಯಲ್ಲಿ ಮಾರ್ಷಲ್ ಆಗಿ. ಸಂಬಳ ಇಲ್ಲ, ಊಟದ ಪೊಟ್ಟಣ ಉಂಟು. ಯಾಕೆ ಇದನ್ನು ಮಾಡುತ್ತೇನೆ ಎಂಬುದಕ್ಕೆ ಒಂದು ಕಥೆ ಇದೆ. ಸ್ವಲ್ಪ ತಡೆದು ಹೇಳುತ್ತೇನೆ, ಯಾಕೆಂದರೆ ಆ ಕಥೆಯಲ್ಲಿ ಈ ಶಾಲೆಯ ಮೇಷ್ಟ್ರಿಗೆ ಹೇಳಿದ ಒಂದು ಸುಳ್ಳೂ ಇದೆ.

ಮೊದಲು ಆಟ ಏನೆಂದು ತಿಳಿಯೋಣ. ಪೆಟ್ರೋಲ್ ಬಂಕಿನಲ್ಲಿ ಮೈತುಂಬಾ ಸ್ಟಿಕರ್ ಅಂಟಿಸಿದ ಕಾರು ನೋಡಿದಾಗ ನಾವೆಲ್ಲ ‘ರೇಸ್ ಕಾರು’ ಅನ್ನುತ್ತೇವೆ. ಆದರೆ ರೇಸು ಬೇರೆ, ರ‍್ಯಾಲಿ ಬೇರೆ. ನಮ್ಮ ಕ್ರೀಡಾಕೂಟವನ್ನೇ ನೆನಪು ಮಾಡಿಕೊಳ್ಳಿ. ನೂರು ಮೀಟರ್ ಓಟದಲ್ಲಿ ಎಲ್ಲರೂ ಒಟ್ಟಿಗೆ ಬಿಡುತ್ತಾರೆ, ಮೊದಲು ದಾರ ಮುಟ್ಟಿದವನು ಗೆದ್ದ. ಅದು ರೇಸು. ಉದ್ದ ಜಿಗಿತದಲ್ಲಿ ಒಬ್ಬೊಬ್ಬರೇ ಬಂದು ಜಿಗಿಯುತ್ತಾರೆ, ಟೇಪು ಹಿಡಿದು ಅಳೆದ ಮೇಲೆಯೇ ಯಾರು ಗೆದ್ದರೆಂದು ಗೊತ್ತಾಗುವುದು. ರ‍್ಯಾಲಿ ಅದರ ಹಾಗೆ. ಇಲ್ಲಿ ಟೇಪಿನ ಬದಲು ಗಡಿಯಾರ.

ರೇಸಿಗೆ ಸಾಮಾನ್ಯವಾಗಿ ಅದಕ್ಕೆಂದೇ ಕಟ್ಟಿದ ಟ್ರ್ಯಾಕ್ ಬೇಕು. ನಮಗೆ ಹತ್ತಿರದವು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ಒಂದು, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇನ್ನೊಂದು. ದಿಲ್ಲಿ ಹತ್ತಿರ ಗ್ರೇಟರ್ ನೋಯ್ಡಾದಲ್ಲಿ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇದೆ, ಸುತ್ತಳತೆ 5.125 ಕಿಲೋಮೀಟರ್. 2011, 2012, 2013ರಲ್ಲಿ ಅಲ್ಲಿ ಫಾರ್ಮುಲಾ ಒನ್ ನಡೆಯಿತು. ಮೂರು ಸಲವೂ ಜರ್ಮನಿಯ ಸೆಬಾಸ್ಟಿಯನ್ ವೆಟೆಲ್ ಗೆದ್ದರು. ಆಮೇಲೆ ನಿಂತುಹೋಯಿತು. ಅಲ್ಲಿ 60 ಸುತ್ತು ಓಡಬೇಕಿತ್ತು. ಯಾಕೆ 60? ಮೊನಾಕೊ ಒಂದನ್ನು ಬಿಟ್ಟರೆ ಫಾರ್ಮುಲಾ ಒನ್ ರೇಸು ಕನಿಷ್ಠ 305 ಕಿಲೋಮೀಟರ್ ಇರಬೇಕೆಂದು ನಿಯಮ. 305ನ್ನು 5.125ರಿಂದ ಭಾಗಿಸಿ ನೋಡಿ, ಉತ್ತರ ನೀವೇ ಹೇಳುತ್ತೀರಿ.

ಟ್ರ್ಯಾಕ್ ರೇಸನ್ನು ಟಿ.ವಿ.ಯಲ್ಲಿ ನೋಡುವವರಿಗೆ ಬಾವುಟಗಳ ಅರ್ಥ ಗೊತ್ತಿದ್ದರೆ ಅರ್ಧ ಆಟ ಗೊತ್ತಾದ ಹಾಗೆ. ಹಳದಿ ಬೀಸಿದರೆ ಮುಂದೆ ಅಪಾಯ, ನಿಧಾನಿಸು, ಯಾರನ್ನೂ ಹಿಂದೆ ಹಾಕಬೇಡ. ಹಸಿರು ಅಂದರೆ ದಾರಿ ಸರಿಯಾಗಿದೆ. ಕೆಂಪು ಅಂದರೆ ರೇಸೇ ನಿಂತಿತು. ನೀಲಿಯನ್ನು ಹಿಂದುಳಿದವನಿಗೆ ತೋರಿಸುತ್ತಾರೆ: ನಿನ್ನನ್ನು ಪೂರ್ತಿ ಒಂದು ಸುತ್ತು ಹಿಂದೆ ಹಾಕುವವನು ಬೆನ್ನಿಗೇ ಬಂದಿದ್ದಾನೆ, ದಾರಿ ಬಿಡು. ಹಳದಿಯ ಮೇಲೆ ಕೆಂಪು ಪಟ್ಟೆ ಇದ್ದರೆ ರಸ್ತೆ ಜಾರುತ್ತಿದೆ, ಎಣ್ಣೆಯೋ ನೀರೋ ಬಿದ್ದಿದೆ. ಕಪ್ಪು ಬಿಳಿ ಚೌಕದ್ದು ನಿಮಗೆಲ್ಲ ಗೊತ್ತು. ಮೊದಲ ಹತ್ತು ಜನರಿಗೆ 25, 18, 15, 12, 10, 8, 6, 4, 2, 1 ಎಂದು ಅಂಕ. ವರ್ಷದ ಕೊನೆಗೆ ಕೂಡಿಸಿದಾಗ ಹೆಚ್ಚು ಯಾರದೋ ಅವರು ಚಾಂಪಿಯನ್. ಟೈರ್ ಬದಲಿಸಲು ಕಾರು ಪಿಟ್‌ಗೆ ಬಂದಾಗ ಕಣ್ಣು ಮಿಟುಕಿಸಬೇಡಿ. 2023ರಲ್ಲಿ ಕತಾರಿನಲ್ಲಿ ಮೆಕ್ಲಾರೆನ್ ತಂಡ ನಾಲ್ಕು ಚಕ್ರವನ್ನೂ ಬದಲಿಸಿದ್ದು 1.80 ಸೆಕೆಂಡಿನಲ್ಲಿ. ನಮ್ಮೂರ ಪಂಕ್ಚರ್ ಅಂಗಡಿಯವರು ಇಲ್ಲೇ ಇದ್ದಾರೆ, ಬೇಸರ ಮಾಡಿಕೊಳ್ಳಬಾರದು.

ನಮ್ಮವರೂ ಅಲ್ಲಿ ಓಡಿಸಿದ್ದಾರೆ. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್‌ಗೆ ಇಳಿದ ಮೊದಲ ಭಾರತೀಯ. ಅದೇ ವರ್ಷ ಅಮೆರಿಕದ ರೇಸಿನಲ್ಲಿ ನಾಲ್ಕನೆಯವರಾಗಿ ಬಂದರು. ಪೂರ್ತಿ ಸತ್ಯ ಹೇಳಬೇಕೆಂದರೆ, ಟೈರ್ ಸುರಕ್ಷಿತವಲ್ಲವೆಂದು ಅಂದು 14 ಕಾರುಗಳು ಶುರುವಿನಲ್ಲೇ ಹಿಂದೆ ಸರಿದಿದ್ದವು, ಓಡಿದ್ದು ಆರೇ ಕಾರು. ಆದರೂ ಅಂಕ ಅಂಕವೇ.

ಈಗ ನಮ್ಮ ಕಡೆಯ ಆಟಕ್ಕೆ ಬರುತ್ತೇನೆ. ರ‍್ಯಾಲಿಗೆ ಟ್ರ್ಯಾಕ್ ಬೇಡ, ಇರುವ ರಸ್ತೆಯೇ ಸಾಕು. ಮಣ್ಣು, ಜಲ್ಲಿ, ತಿರುವು, ಏರು, ಇಳಿಜಾರು ಇದ್ದಷ್ಟೂ ಒಳ್ಳೆಯದು. ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಗಳಲ್ಲಿ ಇದೆಲ್ಲ ಧಾರಾಳವಾಗಿ ಇರುವುದರಿಂದಲೇ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತುಗಳು ಅಲ್ಲಿಗೆ ಬಂದವು, ಕೆಲವು ವರ್ಷ ಏಷ್ಯಾ-ಪೆಸಿಫಿಕ್ ಚಾಂಪಿಯನ್‌ಶಿಪ್‌ನ ಸುತ್ತೂ ಬಂತು. ಆ ಏಷ್ಯಾ-ಪೆಸಿಫಿಕ್ ಪಟ್ಟವನ್ನು 2013, 2016, 2017ರಲ್ಲಿ ಗೆದ್ದವರು ನಮ್ಮ ದೇಶದ ಗೌರವ್ ಗಿಲ್. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಮೋಟಾರ್ ಕ್ರೀಡೆಯವರಿಗೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು.

ರ‍್ಯಾಲಿಯ ದಾರಿಯಲ್ಲಿ ಎರಡು ಬಗೆ. ಒಂದು ಸ್ಪೆಷಲ್ ಸ್ಟೇಜ್. ಇಲ್ಲಿ ರಸ್ತೆಯನ್ನು ಪೂರ್ತಿ ಮುಚ್ಚಿರುತ್ತಾರೆ, ಕಾರು ಎಷ್ಟು ವೇಗವಾಗಿ ಹೋಗಬಲ್ಲದೋ ಅಷ್ಟು ಹೋಗುತ್ತದೆ. ಇನ್ನೊಂದು, ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಹೋಗುವ ಸಾರ್ವಜನಿಕ ರಸ್ತೆ. ಇಲ್ಲಿ ರ‍್ಯಾಲಿ ಕಾರೂ ಒಂದೇ, ನಮ್ಮ ಕೆ.ಎಸ್.ಆರ್.ಟಿ.ಸಿ. ಬಸ್ಸೂ ಒಂದೇ. ಸಂಚಾರ ನಿಯಮ ಎಲ್ಲರಿಗೂ ಅನ್ವಯ. ಅವಸರ ಮಾಡಿ ಮುಂದಿನ ಕಂಟ್ರೋಲಿಗೆ ಬೇಗ ಹೋದರೂ ದಂಡ ಬೀಳುತ್ತದೆ. ಅಂತರರಾಷ್ಟ್ರೀಯ ನಿಯಮದಲ್ಲಿ ಒಂದು ನಿಮಿಷ ತಡವಾದರೆ 10 ಸೆಕೆಂಡ್ ದಂಡ, ಒಂದು ನಿಮಿಷ ಬೇಗ ಬಂದರೆ ಪೂರ್ತಿ ಒಂದು ನಿಮಿಷ ದಂಡ. ತಡವಾಗಿ ಬರುವುದಕ್ಕಿಂತ ಬೇಗ ಬರುವುದು ಆರು ಪಟ್ಟು ದೊಡ್ಡ ತಪ್ಪು. ಪ್ರಾರ್ಥನೆ ಮುಗಿದ ಮೇಲೆ ಗೇಟಿಗೆ ಬರುವ ಮಕ್ಕಳಿಗೆ ಈ ನಿಯಮ ಇಷ್ಟವಾಗಬಹುದು.

ಸ್ಟೇಜಿನಲ್ಲಿ ಕಾರುಗಳನ್ನು ಒಂದೊಂದಾಗಿ, ನಿಮಿಷದ ಅಂತರದಲ್ಲಿ ಬಿಡುತ್ತಾರೆ. ನಮ್ಮ ಕಡೆ ಧೂಳು ಜಾಸ್ತಿ, ಗಾಳಿ ಇಲ್ಲದ ದಿನ ಅದು ತೋಟದ ಮೇಲೆ ಹಾಗೇ ನಿಂತುಬಿಡುತ್ತದೆ. ಆಗ ಅಂತರ ಇನ್ನೂ ಹೆಚ್ಚಿಸುತ್ತಾರೆ. ಮೊದಲು ಹೋಗುವವನಿಗೆ ಧೂಳಿಲ್ಲ, ಆದರೆ ಸಡಿಲ ಜಲ್ಲಿಯನ್ನೆಲ್ಲ ಗುಡಿಸುವ ಕೆಲಸ ಅವನ ಟೈರಿನದು. ಹಿಂದೆ ಬರುವವನಿಗೆ ಗಟ್ಟಿ ನೆಲ ಸಿಗುತ್ತದೆ, ಧೂಳೂ ಸಿಗುತ್ತದೆ. ಸ್ಟೇಜಿನ ಕೊನೆಗೆ ಕಾರು ಪೂರ್ತಿ ವೇಗದಲ್ಲೇ ಗೆರೆ ದಾಟುತ್ತದೆ, ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಅಳೆಯುತ್ತಾರೆ. ಅಲ್ಲಿಂದ ಮುಂದೆ ಕೆಲವು ನೂರು ಮೀಟರ್ ದೂರದಲ್ಲಿ ನಿಂತು ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಎಲ್ಲ ಸ್ಟೇಜಿನ ಸಮಯಕ್ಕೆ ದಂಡವನ್ನೂ ಸೇರಿಸಿ ಕೂಡಿದಾಗ ಕಡಿಮೆ ಬಂದವರು ಗೆದ್ದರು.

ಕಾರಿನಲ್ಲಿ ಇಬ್ಬರಿರುತ್ತಾರೆ. ಎರಡನೆಯವರನ್ನು ನಮ್ಮೂರಲ್ಲಿ ‘ಕ್ಲೀನರ್’ ಅನ್ನುತ್ತಿದ್ದೆವು. ಅವರು ಕೋ-ಡ್ರೈವರ್. ರ‍್ಯಾಲಿಗೆ ಮುಂಚೆ ಇಬ್ಬರೂ ಸಾಧಾರಣ ವೇಗದಲ್ಲಿ ಆ ರಸ್ತೆಯಲ್ಲಿ ಹೋಗಿ ಪ್ರತಿ ತಿರುವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ತಿರುವಿಗೆ ನಂಬರು ಕೊಡುವುದು ವಾಡಿಕೆ. ಬಹಳ ಜನ 1ರಿಂದ 6ರವರೆಗೆ ಬಳಸುತ್ತಾರೆ. 1 ಅಂದರೆ ತೀರಾ ಬಿಗಿ, 6 ಅಂದರೆ ಹೆಚ್ಚು ನಿಧಾನಿಸದೆ ಹೋಗಬಹುದಾದ ತಿರುವು. ನಮ್ಮ ಮಾತಿನಲ್ಲಿ ಹೇಳಿದರೆ ಹೀಗಿರುತ್ತದೆ: ‘ಎಡ ನಾಲ್ಕು, ನೂರು, ಬಲ ಎರಡು, ಬಿಗಿಯಾಗುತ್ತೆ, ಒಳಗೆ ಕಲ್ಲು.’ ನಾಲ್ಕನೇ ನಂಬರಿನ ಎಡ ತಿರುವು, ನಂತರ ನೂರು ಮೀಟರ್ ನೇರ, ಆಮೇಲೆ ಬಿಗಿಯಾದ ಬಲ ತಿರುವು, ಹೋಗ್ತಾ ಇನ್ನೂ ಬಿಗಿಯಾಗುತ್ತದೆ, ಒಳ ಅಂಚಿನಲ್ಲಿ ಕಲ್ಲಿದೆ. ಕಾರು ಕುಲುಕುತ್ತಿರುವಾಗ ಇದನ್ನು ಒಂದು ತಿರುವು ಮುಂಚಿತವಾಗಿಯೇ ಓದಬೇಕು. ಒಂದು ಸಾಲು ತಪ್ಪಿ ಓದಿದರೆ ಡ್ರೈವರ್ ಇನ್ನೊಂದು ರಸ್ತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓಡಿಸಿದ ಹಾಗೆ. ಕ್ಲಾಸಿನಲ್ಲಿ ಗಟ್ಟಿಯಾಗಿ, ತಡವರಿಸದೆ ಓದುವವರು ಕೈ ಎತ್ತಿ ನೋಡೋಣ. ಇಷ್ಟು ಜನ! ಕೋ-ಡ್ರೈವರ್ ಆಗಲು ಬೇಕಾದ ಮೊದಲ ಗುಣ ನಿಮ್ಮಲ್ಲಿದೆ.

ಸರಿ, ಈಗ ಕಥೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ರ‍್ಯಾಲಿ ನಮ್ಮ ಕಡೆಯ ತೋಟದ ರಸ್ತೆಗೆ ಬಂತು. ಶನಿವಾರ, ಅರ್ಧ ದಿನದ ಶಾಲೆ. ಮೂವರು ಗೆಳೆಯರು ಯೂನಿಫಾರ್ಮಿನಲ್ಲೇ ಕಾಲುದಾರಿ ಹಿಡಿದು ಹೋದೆವು. ಒಂದು ಬಲ ತಿರುವು, ಅದರ ಹೊರಬದಿಯಲ್ಲಿ ಮೊಣಕಾಲೆತ್ತರದ ದರೆ. ಕಾರು ನೇರ ನಮ್ಮ ಮುಖಕ್ಕೇ ಬಂದು ಕೊನೇ ಗಳಿಗೆಯಲ್ಲಿ ಹೊರಳುತ್ತಿತ್ತು. ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಅನ್ನಿಸಿತು. ಎರಡು ಕಾರು ಹೋದ ಮೇಲೆ ಒಬ್ಬ ಮಾರ್ಷಲ್ ಬಂದು ಬೈದು ನಮ್ಮನ್ನು ಮೇಲಿನ ಕಾಫಿ ಗಿಡಗಳ ಹಿಂದಕ್ಕೆ ಅಟ್ಟಿದರು. ಅವರು ತಿರುವಿನ ಆ ಕಡೆ ಹೋದದ್ದೇ ತಡ, ನಾನು ಒಬ್ಬ ಗೆಳೆಯನಿಗೆ ಹೇಳಿದೆ: ‘ಲೋ, ಕ್ಯಾಮೆರಾ ನಿನ್ನ ಹತ್ರ ಇದೆ, ಕೆಳಗಿಳಿದು ಒಂದೇ ಒಂದು ಫೋಟೊ ತೆಗಿ.’ ಅವನಿಗೆ ಮನಸ್ಸಿರಲಿಲ್ಲ. ‘ಹೆದರುಪುಕ್ಕಲ’ ಅಂದೆ. ಇಳಿದ.

ಮುಂದಿನ ಕಾರು ಅವನಿಗೆ ತಾಗಲಿಲ್ಲ. ತಿರುಗುವಾಗ ಅದರ ಹಿಂಭಾಗ ಜಾರಿ ಚಕ್ರ ದರೆಗೆ ಬಡಿಯಿತು, ಕಲ್ಲು ಸಿಡಿಯಿತು. ಕಾರು ನಿಲ್ಲದೆ ಹೋಯಿತು, ಧೂಳಿನಲ್ಲಿ ಅವರಿಗೆ ಏನೂ ಕಂಡಿರಲಿಕ್ಕಿಲ್ಲ. ಧೂಳು ಇಳಿದಾಗ ಇವನು ಕಾಲು ಹಿಡಿದುಕೊಂಡು ಕೂತಿದ್ದ, ಅಳುತ್ತಲೂ ಇರಲಿಲ್ಲ. ಮೊಣಕಾಲ ಕೆಳಗಿನ ಮೂಳೆ ಮುರಿದಿತ್ತು. ಅಲ್ಲೇ ಸ್ಟೇಜಿನ ಶುರುವಿನಲ್ಲಿ ಡಾಕ್ಟರು, ಆಂಬುಲೆನ್ಸ್ ಎರಡೂ ಇದ್ದವು. ನಾವು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ಬೈಸಿಕೊಳ್ಳುವ ಹೆದರಿಕೆಗೆ ಅವನನ್ನು ಇಬ್ಬರೂ ಹೊತ್ತುಕೊಂಡು ತೋಟದೊಳಗಿಂದ ಒಂದೂವರೆ ಗಂಟೆ ನಡೆದು ಮನೆ ಮುಟ್ಟಿಸಿದೆವು. ಹಲಸಿನ ಮರದಿಂದ ಬಿದ್ದ ಎಂದೆವು. ಅವನ ಅಮ್ಮನಿಗೂ ಅದೇ, ಸೋಮವಾರ ಪಿ.ಟಿ. ಮೇಷ್ಟ್ರಿಗೂ ಅದೇ. ಅವನು ಶಾಲೆಯ ಖೋ-ಖೋ ತಂಡದಲ್ಲಿದ್ದ. ಆ ವರ್ಷ ತಂಡ ತಾಲ್ಲೂಕು ಮಟ್ಟಕ್ಕೆ ಹೋದಾಗ ಇವನು ಪ್ಲಾಸ್ಟರ್ ಹಾಕಿಕೊಂಡು ಮನೆಯಲ್ಲಿದ್ದ. ಮುಂದೆ ಖೋ-ಖೋ ಆಡಲೇ ಇಲ್ಲ.

ಅವನು ಇವತ್ತು ಇಲ್ಲಿದ್ದಾನೆ, ಆ ಹೊಂಗೆ ಮರದ ಕೆಳಗೆ. ಅವನನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ. ‘ಹೇಳು, ಆದ್ರೆ ಹೆದರುಪುಕ್ಕಲ ಅಂದದ್ದನ್ನೂ ಹೇಳ್ಬೇಕು’ ಅಂದ. ಹೇಳಿದ್ದೇನೆ. ಮೇಷ್ಟ್ರೇ, ಮರದ್ದೇನೂ ತಪ್ಪಿರಲಿಲ್ಲ.

ಆ ದಿನ ನಾವು ನಿಂತಿದ್ದು ಯಾಕೆ ತಪ್ಪು ಜಾಗ ಎಂದು ನಿಮ್ಮ ವಿಜ್ಞಾನದ ಪುಸ್ತಕವೇ ಹೇಳುತ್ತದೆ. ಚಲಿಸುವ ವಸ್ತು ನೇರವಾಗಿಯೇ ಹೋಗಲು ನೋಡುತ್ತದೆ. ಅದನ್ನು ತಿರುಗಿಸುವುದು ಟೈರಿಗೂ ನೆಲಕ್ಕೂ ಇರುವ ಘರ್ಷಣೆ. ಆ ಹಿಡಿತ ತಪ್ಪಿದರೆ ಕಾರು ತಿರುವಿನ ಹೊರಬದಿಗೇ ಹೋಗಬೇಕು, ಬೇರೆ ಎಲ್ಲಿಗೆ ಹೋದೀತು? ಇನ್ನು ವೇಗದ ಲೆಕ್ಕ. ಜಲ್ಲಿ ರಸ್ತೆಯ ಘರ್ಷಣಾ ಗುಣಾಂಕವನ್ನು 0.5 ಎಂದು ಇಟ್ಟುಕೊಳ್ಳಿ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಬ್ರೇಕ್ ಹಾಕಿದ ಮೇಲೆ ನಿಲ್ಲಲು ಸುಮಾರು 28 ಮೀಟರ್ ಬೇಕು, ಹೆಚ್ಚು ಕಡಿಮೆ ನಮ್ಮ ಖೋ-ಖೋ ಅಂಕಣದ ಉದ್ದ. 120 ಕಿಲೋಮೀಟರ್ ಆದರೆ? 56 ಅಂತ ಯಾರೋ ಹೇಳಿದರು. ಅಲ್ಲ, ಸುಮಾರು 113 ಮೀಟರ್. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟಾಗುತ್ತದೆ, ಸೂತ್ರದಲ್ಲಿ ವೇಗದ ವರ್ಗ ಇದೆಯಲ್ಲ. ಇನ್ನೊಂದು, 100 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 28 ಮೀಟರ್ ಕ್ರಮಿಸುತ್ತದೆ. ‘ಬಂದಾಗ ಹಾರಿಕೊಂಡರಾಯ್ತು’ ಎಂಬ ಧೈರ್ಯ ಇಟ್ಟುಕೊಂಡವರು ಒಂದು ಸೆಕೆಂಡಿನಲ್ಲಿ ಎಷ್ಟು ದೂರ ಹಾರುತ್ತೀರಿ ಎಂದು ಅಳೆದು ನೋಡಿ.

1986ರ ಮಾರ್ಚ್‌ನಲ್ಲಿ ಪೋರ್ಚುಗಲ್ ರ‍್ಯಾಲಿಯಲ್ಲಿ ಜನ ರಸ್ತೆಯ ಎರಡೂ ಅಂಚಿಗೆ, ಕೆಲವರು ರಸ್ತೆಯ ಮೇಲೇ ನಿಂತಿದ್ದರು. ಹೋಗುವ ಕಾರನ್ನು ಕೈಯಿಂದ ಮುಟ್ಟುವುದು ಅಲ್ಲಿನ ಹುಡುಗರಿಗೆ ಪಂಥ. ಒಂದು ಫೋರ್ಡ್ ಕಾರು ಹತೋಟಿ ತಪ್ಪಿ ಜನರೊಳಗೆ ನುಗ್ಗಿತು. ಮೂವರು ಸತ್ತರು, ಮೂವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ದೊಡ್ಡ ತಂಡಗಳ ಡ್ರೈವರುಗಳು ಇನ್ನು ಓಡಿಸುವುದಿಲ್ಲ ಎಂದು ಅಲ್ಲೇ ಹಿಂದೆ ಸರಿದರು. ಎರಡು ತಿಂಗಳಿಗೆ ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಎಂಬ ಡ್ರೈವರ್ ಮತ್ತು ಅವರ ಕೋ-ಡ್ರೈವರ್ ಕಾರಿನ ಬೆಂಕಿಗೆ ಸಿಕ್ಕಿ ತೀರಿಕೊಂಡರು. ಗ್ರೂಪ್ ಬಿ ಎಂದು ಕರೆಯುತ್ತಿದ್ದ ಆ ಅತಿವೇಗದ ಕಾರುಗಳನ್ನೇ ಮುಂದಿನ ವರ್ಷದಿಂದ ನಿಲ್ಲಿಸಿದರು. ಅದಕ್ಕೂ ಮುಂಚೆ 1955ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಅವರಲ್ಲಿ ಕಾರಿನಲ್ಲಿದ್ದವರು ಒಬ್ಬರೇ, ಉಳಿದವರೆಲ್ಲ ನೋಡಲು ಬಂದವರು.

ಕಾರಿನೊಳಗಿನವರಿಗೆ ರಕ್ಷಣೆ ಇದೆ. ಉಕ್ಕಿನ ಕೊಳವೆಗಳ ಪಂಜರ, ಭುಜದಿಂದ ತೊಡೆವರೆಗಿನ ಬೆಲ್ಟು, ಹೆಲ್ಮೆಟ್, ಬೆಂಕಿ ತಡೆಯುವ ಉಡುಪು. 2020ರಲ್ಲಿ ಬಹರೇನ್‌ನಲ್ಲಿ ರೊಮೇನ್ ಗ್ರೋಜಾನ್ ಎಂಬವರ ಫಾರ್ಮುಲಾ ಒನ್ ಕಾರು ತಡೆಗೋಡೆಗೆ ಹೊಕ್ಕು, ಎರಡು ತುಂಡಾಗಿ ಹೊತ್ತಿ ಉರಿಯಿತು. ಅರ್ಧ ನಿಮಿಷದೊಳಗೆ ಅವರು ತಾವೇ ಬೆಂಕಿಯಿಂದ ಎದ್ದು ಹೊರಗೆ ಬಂದರು, ಸುಟ್ಟಿದ್ದು ಮುಖ್ಯವಾಗಿ ಕೈಗಳು. ದರೆಯ ಮೇಲೆ ನಿಂತ ನಮಗೆ ಇದ್ದ ರಕ್ಷಣೆ ಒಂದು ನೀಲಿ ಚಡ್ಡಿ, ಒಂದು ಬಿಳಿ ಅಂಗಿ.

ಹಾಗಾದರೆ ಎಲ್ಲಿ ನಿಲ್ಲಬೇಕು? ಎತ್ತರದಲ್ಲಿ, ರಸ್ತೆಯಿಂದ ಹಿಂದೆ. ಮೊಣಕಾಲೆತ್ತರದ ದರೆ ಎತ್ತರವಲ್ಲ, ಅದು ಕಾರಿಗೆ ಹಾರುಹಲಗೆ. ಆಳೆತ್ತರಕ್ಕೂ ಮೇಲಿರಬೇಕು. ತಿರುವಿನ ಹೊರಬದಿ ಬೇಡವೇ ಬೇಡ. ಒಳಬದಿಯೂ ಅಂಚಿನಲ್ಲಿ ಬೇಡ, ಸಮಯ ಉಳಿಸಲು ಕಾರುಗಳು ಒಳ ಅಂಚನ್ನು ಕತ್ತರಿಸಿಕೊಂಡು ಹೋಗುತ್ತವೆ. ಟೇಪು ಕಟ್ಟಿದ್ದರೆ ಅದರ ಹಿಂದೆ. ಕೂರಬೇಡಿ, ನಿಂತೇ ನೋಡಿ, ರಸ್ತೆಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ. ರಸ್ತೆ ಮುಚ್ಚುವ ಮೊದಲೇ ಬಂದು ಜಾಗ ಹಿಡಿಯಿರಿ, ಮಧ್ಯೆ ದಾಟುವ ಹಾಗಿಲ್ಲ. ಮೊದಲು ಸೊನ್ನೆ ನಂಬರಿನ ಕಾರು ಬರುತ್ತದೆ. ಅದು ಸ್ಪರ್ಧೆಯ ಕಾರಲ್ಲ, ರಸ್ತೆ ಸರಿಯಿದೆಯೇ ಎಂದು ನೋಡುವ ಕಾರು. ಅದು ಹೋದ ಮೇಲೆ ಆಟ ಶುರು. ಕೊನೆಗೆ ಸ್ವೀಪರ್ ವಾಹನ ಹೋಗುವವರೆಗೆ ರಸ್ತೆಗೆ ಇಳಿಯಬಾರದು. ನಡುವೆ ಹತ್ತು ನಿಮಿಷ ಸದ್ದಿಲ್ಲದಿದ್ದರೂ ಮುಗಿಯಿತೆಂದುಕೊಳ್ಳಬೇಡಿ. ಮನೆಯ ನಾಯಿ, ದನ ಕಟ್ಟಿರಲಿ. ಲೈನ್ ಮನೆಗಳಲ್ಲಿ ಕೆಲಸಕ್ಕೆ ಹೊರಡುವವರಿಗೆ ಹಿಂದಿನ ದಿನವೇ ಹೇಳಿ, ಅಂಟಿಸಿದ ನೋಟೀಸನ್ನು ಎಲ್ಲರೂ ಓದಿರುವುದಿಲ್ಲ. ಇಂಬಳದ ಕಾಲವಾದರೆ ಉಪ್ಪಿನ ಗಂಟು ಜೊತೆಗಿರಲಿ.

ಕಾರು ಮಗುಚಿದರೆ ನಮ್ಮ ಜನ ಓಡಿಹೋಗಿ ಎತ್ತುತ್ತಾರೆ, ಒಳ್ಳೆಯ ಮನಸ್ಸು. ಆದರೆ ಹಿಂದೆ ಇನ್ನೊಂದು ಕಾರು ಬರುತ್ತಿರುತ್ತದೆ ಎಂಬುದು ಮರೆತುಹೋಗುತ್ತದೆ. ಅದಕ್ಕೊಂದು ಕ್ರಮ ಇದೆ. ಕಾರಿನವರು ಕೆಂಪು ತ್ರಿಕೋನವನ್ನು ರಸ್ತೆಯಲ್ಲಿ ಹಿಂದೆ ಇಡುತ್ತಾರೆ. ಪೆಟ್ಟಾಗಿಲ್ಲದಿದ್ದರೆ ಹಸಿರಿನಲ್ಲಿ ‘ಓಕೆ’ ಎಂದು ಬರೆದ ಫಲಕ ತೋರಿಸುತ್ತಾರೆ. ಪೆಟ್ಟಾಗಿದ್ದರೆ ಅದೇ ಫಲಕದ ಇನ್ನೊಂದು ಬದಿ, ಕೆಂಪಿನಲ್ಲಿ ‘ಎಸ್.ಓ.ಎಸ್.’. ಅದನ್ನು ಕಂಡ ಮುಂದಿನ ಕಾರು, ಗೆಲ್ಲುವ ಹಂತದಲ್ಲಿದ್ದರೂ, ನಿಲ್ಲಲೇಬೇಕು. ಅವರು ಕಳೆದುಕೊಂಡ ಸಮಯವನ್ನು ಆಮೇಲೆ ಸರಿಮಾಡಿ ಕೊಡುತ್ತಾರೆ. ನೀವು ಮಾಡಬೇಕಾದದ್ದು ಒಂದೇ, ಹತ್ತಿರದ ಮಾರ್ಷಲ್‌ಗೆ ಕೂಗಿ ಹೇಳುವುದು. ಬೈಯುತ್ತಾರೆ, ಬೈಯಲಿ. ನಾನೂ ಈಗ ಚೆನ್ನಾಗಿಯೇ ಬೈಯುತ್ತೇನೆ.

ಹಿಂದಿನ ಸಾಲಿನ ಹುಡುಗರು ಪರಸ್ಪರ ತಿವಿಯುತ್ತಿರುವುದು ಕಾಣುತ್ತಿದೆ. ‘ಸಾರ್, ನಾವು ಓಡಿಸೋದು ಯಾವಾಗ’ ಎಂದು ತಾನೆ? ಊರ ರಸ್ತೆಯಲ್ಲಿ ಅಣ್ಣನ ಬೈಕು ತೆಗೆದುಕೊಂಡು ಪಂದ್ಯ ಕಟ್ಟುವುದು ಮೋಟಾರ್ ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಸಿನವರು ಓಡಿಸಿ ಸಿಕ್ಕಿಬಿದ್ದರೆ ಗಾಡಿಯ ಮಾಲೀಕರಿಗೆ ಅಥವಾ ಪೋಷಕರಿಗೆ 25,000 ರೂಪಾಯಿ ದಂಡ, ಜೈಲೂ ಆಗಬಹುದು. ಅಪ್ಪನ ಒಂದು ಸೀಸನ್ನಿನ ಮೆಣಸು ಮಾರಿದ ದುಡ್ಡು ಹೋಯಿತು ಅಂದುಕೊಳ್ಳಿ. ಸರಿಯಾದ ದಾರಿ ಇದೆ. ದೇಶದ ಮೋಟಾರ್ ಕ್ರೀಡೆಗೆ ಎಫ್.ಎಂ.ಎಸ್.ಸಿ.ಐ. ಎಂಬ ಒಕ್ಕೂಟ ಇದೆ, ಅದರ ಲೈಸೆನ್ಸ್ ಪಡೆದು ಸ್ಪರ್ಧಿಸಬೇಕು. ಇದು ಬಡವರ ಆಟವಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಟೈರು, ಪೆಟ್ರೋಲು, ಮೆಕ್ಯಾನಿಕ್ಕು, ಸಾಗಾಟ ಎಲ್ಲಕ್ಕೂ ದುಡ್ಡು. ನಿಯಮದೊಳಗೆ ಆಡಿದರೂ ಅಪಾಯ ತಪ್ಪಿದ್ದಲ್ಲ. 2023ರ ಆಗಸ್ಟ್‌ನಲ್ಲಿ ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ಬೈಕ್ ರೇಸಿನಲ್ಲಿ ಬಿದ್ದು ಬೆಂಗಳೂರಿನ ಹುಡುಗನೊಬ್ಬ ತೀರಿಕೊಂಡ. ಅವನಿಗೆ 13 ವರ್ಷ. ಎಂಟನೇ ತರಗತಿಯಲ್ಲಿ ನಿಮ್ಮ ಪಕ್ಕ ಕೂರಬಹುದಾಗಿದ್ದ ವಯಸ್ಸು. ಅದನ್ನು ಓದಿದ ದಿನ ನಾನು ಜಾಕೆಟ್ ತೆಗೆದು ಪೆಟ್ಟಿಗೆಯಲ್ಲಿಟ್ಟಿದ್ದೆ, ಎರಡು ರ‍್ಯಾಲಿಗೆ ಹೋಗಲಿಲ್ಲ. ಆಮೇಲೆ ಮತ್ತೆ ತೆಗೆದೆ. ತಿರುವಿನಲ್ಲಿ ಯಾರಾದರೂ ನಿಲ್ಲಬೇಕಲ್ಲ.

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಗೆ ಬೈಕಿನಲ್ಲಿ ಹೋದ ಮೊದಲ ಭಾರತೀಯ. ಅರ್ಜೆಂಟೀನಾದಿಂದ ಹೊರಟು ಮರುಭೂಮಿ, ಬೆಟ್ಟ ದಾಟುವ ಸ್ಪರ್ಧೆ ಅದು, ಪೂರ್ತಿ ಮುಗಿಸಿ 36ನೆಯವರಾಗಿ ಬಂದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಹೆಣ್ಣುಮಕ್ಕಳ ಸಾಲಿನಿಂದ ಈಗ ಬಂದ ಚಪ್ಪಾಳೆ ಅವರಿಗೆ ಮುಟ್ಟಬೇಕು.

ಓಡಿಸಲು ಆಗದವರಿಗೂ ಈ ಆಟದಲ್ಲಿ ಕೆಲಸ ಬಹಳ ಇದೆ. ಸಮಯ ಬರೆಯುವವರು, ವೈರ್‌ಲೆಸ್ ಹಿಡಿಯುವವರು, ಡಾಕ್ಟರು, ಮೆಕ್ಯಾನಿಕ್, ಫಲಿತಾಂಶದ ಕಂಪ್ಯೂಟರ್ ನೋಡುವವರು. ನನಗೆ ಹಲವು ಸಲ ಕೊನೆಯ ಕೆಲಸ ಕೊಡಲು ಬಂದಿದ್ದಾರೆ. ಅದಕ್ಕೆ ವಾರದಲ್ಲಿ ಐದು ದಿನ ಸಾಕು ಎಂದು ಹೇಳಿ ತಿರುವನ್ನೇ ಕೇಳಿ ತೆಗೆದುಕೊಳ್ಳುತ್ತೇನೆ.

ಮುಂದಿನ ಸಲ ರ‍್ಯಾಲಿ ನಮ್ಮ ಕಡೆ ಬಂದರೆ, ಮುಖ್ಯೋಪಾಧ್ಯಾಯರು ಅನುಮತಿ ಕೊಟ್ಟರೆ, ಹತ್ತು ಹದಿನೈದು ಮಕ್ಕಳನ್ನು ಒಂದು ಎತ್ತರದ ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸುವ ಜವಾಬ್ದಾರಿ ನನ್ನದು. ಜಾಗವನ್ನು ನನ್ನ ಗೆಳೆಯ ಆರಿಸುತ್ತಾನೆ. ಅವನು ಒಪ್ಪಿದ್ದಾನೆ, ಕ್ಯಾಮೆರಾ ಮಾತ್ರ ನಾನೇ ಹಿಡಿಯಬೇಕಂತೆ. ಪಿ.ಟಿ. ಮೇಷ್ಟ್ರು ಗಡಿಯಾರ ನೋಡಿಕೊಳ್ಳುತ್ತಿದ್ದಾರೆ, ಊಟದ ಹೊತ್ತಾಯಿತು. ಪ್ರಶ್ನೆ ಇದ್ದವರು ಸಾಲಿನಲ್ಲಿ ನಿಂತಾಗ ಕೇಳಿ.